ಹಿಂದೆ ಕೂರುವವರು ಕೂತು ನೋಡಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಮೈಸೂರಿನಲ್ಲಿ ಮೂವತ್ತೊಂದು ವರ್ಷದಿಂದ ಬೈಕಿನ ಸೀಟು ಕಟ್ಟುವ ಕೆಲಸ ಮಾಡುತ್ತಿದ್ದೇನೆ. ನಮ್ಮ ಯಾದವಗಿರಿಯ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಅದು ಮುಚ್ಚುವ ಹೊತ್ತಿಗೆ ನಾನಿನ್ನೂ ಕೆಲಸ ಕಲಿಯುತ್ತಿದ್ದ ಹುಡುಗ. ಊರ ತುಂಬ ಜಾವಾ, ಯೆಜ್ಡಿ. ಅವುಗಳ ಹರಿದ ರೆಕ್ಸಿನ್ ಬಿಚ್ಚಿ ಬಿಚ್ಚಿ ಹೊಲಿದೇ ನನ್ನ ಕೈ ಪಳಗಿದ್ದು. ಆ ಸೀಟುಗಳು ಉದ್ದಕ್ಕೆ, ಹಲಗೆಯ ಹಾಗೆ ಸಮವಾಗಿರುತ್ತಿದ್ದವು. ಆ ಸಮತಟ್ಟಿನ ಬೆಲೆ ಏನು ಅಂತ ನನಗೆ ಅರ್ಥವಾಗಿದ್ದು ಎಷ್ಟೋ ವರ್ಷ ಕಳೆದ ಮೇಲೆ.

ದಸರೆ ರಜ, ಬೇಸಿಗೆ ರಜ ಹತ್ತಿರ ಬಂತು ಅಂದರೆ ಅಂಗಡಿ ಮುಂದೆ ಬೈಕುಗಳ ಸಾಲು. ಧರ್ಮಸ್ಥಳಕ್ಕೆ ಹೋಗಬೇಕು, ಹಂಪಿ ನೋಡಬೇಕು, ನಾವಿಬ್ಬರೇ ಬೈಕಿನಲ್ಲಿ ಹೋಗಿ ಬರ್ತೀವಿ, ಸೀಟು ಸ್ವಲ್ಪ ಮೆತ್ತಗೆ ಮಾಡಿಕೊಡಿ ಅಂತಾರೆ. ಸಂತೋಷ, ಮಾಡಿಕೊಡೋಣ. ಆದರೆ ಹೀಗೆ ಕೇಳುವವರು ಒಬ್ಬರೇ ಬಂದಿರುತ್ತಾರೆ. ಹಿಂದೆ ಕೂರುವವರು ಮನೆಯಲ್ಲಿರುತ್ತಾರೆ. ಅವರಿಗೆ ಸೀಟು ಹೇಗಿರಬೇಕು ಅಂದರೆ, "ಅವಳಿಗೆ ಎಲ್ಲಾ ಸರಿ ಹೋಗುತ್ತೆ" ಅನ್ನುತ್ತಾರೆ. ಹೇಗೆ ಸರಿ ಹೋಗುತ್ತೆ? ಕೂರುವವರು ಅವರಲ್ಲವೇ?

ಈ ಹೊತ್ತು ನಾನು ಹೇಳಬೇಕೆಂದಿರುವುದು ಒಂದೇ ಮಾತು. ಸೀಟು ಕೊಳ್ಳುವಾಗ, ಸೀಟು ಮಾಡಿಸುವಾಗ, ಬೈಕು ಕೊಳ್ಳುವಾಗಲೂ ಅಷ್ಟೇ, ಹಿಂದೆ ಕೂರುವವರನ್ನು ಜೊತೆಗೆ ಕರೆದುಕೊಂಡು ಬನ್ನಿ. ಅವರು ಕೂತು ನೋಡಲಿ. ಅವರು ಸರಿ ಅಂದ ಮೇಲೆ ದುಡ್ಡು ಕೊಡಿ.

ಯಾಕೆ ಅಂತ ಹೇಳುತ್ತೇನೆ. ಬಸ್ಸಿನ ಕಡೇ ಸೀಟಿನಲ್ಲಿ ನೀವೆಲ್ಲ ಕೂತಿದ್ದೀರಿ. ಡ್ರೈವರ್ ಪಕ್ಕ ಕೂತವರಿಗೆ ಗೊತ್ತೇ ಆಗದ ಹಂಪು, ಕಡೇ ಸೀಟಿನವರನ್ನು ಒಂದು ಗೇಣು ಎತ್ತಿ ಕುಕ್ಕುತ್ತದೆ. ಬೈಕಿನಲ್ಲೂ ಹಾಗೇ. ಓಡಿಸುವವನು ಎರಡು ಚಕ್ರಗಳ ನಡುವೆ ಕೂತಿರುತ್ತಾನೆ. ಹಿಂದಿನವರು ಹೆಚ್ಚುಕಡಿಮೆ ಹಿಂದಿನ ಚಕ್ರದ ನೆತ್ತಿಯ ಮೇಲೇ ಕೂತಿರುತ್ತಾರೆ. ಚಕ್ರಕ್ಕೆ ಬಿದ್ದ ಏಟು ನೇರ ಅವರ ನಡುವಿಗೆ. ಮೇಲಾಗಿ, ಓಡಿಸುವವನಿಗೆ ಗುಂಡಿ ಕಣ್ಣಿಗೆ ಬೀಳುತ್ತದೆ. ಕಾಲೂರಿ ಒಂದಿಷ್ಟು ಎದ್ದುಬಿಡುತ್ತಾನೆ. ಕೈ ಊರುವುದಕ್ಕೆ ಹ್ಯಾಂಡಲ್ ಇದೆ, ಮಂಡಿಯಲ್ಲಿ ಅವುಚಿಕೊಳ್ಳಲು ಟ್ಯಾಂಕಿದೆ. ಹಿಂದಿನವರಿಗೆ ಕಾಣುವುದು ಮುಂದಿನವನ ಬೆನ್ನು ಮತ್ತು ಹೆಲ್ಮೆಟ್ಟು. ಗುಂಡಿ ಬಂದದ್ದು ಅವರಿಗೆ ತಿಳಿಯುವುದು ಮೂಳೆಗೆ ತಾಗಿದ ಮೇಲೆ.

ಮೂಳೆ ಅಂದೆ. ನಾವು ಕೂತಾಗ ಮೈಭಾರದ ಬಹುಪಾಲು ಕೆಳಗಿನ ಎರಡು ಮೂಳೆಗಳ ಮೇಲೆ ನಿಲ್ಲುತ್ತದೆ. ಗಟ್ಟಿ ಬೆಂಚಿನ ಮೇಲೆ ಕೂತು, ಅಂಗೈ ಕೆಳಗಿಟ್ಟು ನೋಡಿ, ಎರಡು ಗುಬುಟು ಸಿಗುತ್ತವೆ. ಸೀಟು ಆ ಎರಡು ಮೂಳೆಗಳನ್ನು ಹೊರಬೇಕು. ತುಂಬ ಮೆತ್ತಗಿನ ಫೋಮಿನ ಮೇಲೆ ಕೂತರೆ ಏನಾಗುತ್ತೆ? ಕಲಸಿದ ಹಿಟ್ಟಿಗೆ ಬೆರಳು ಒತ್ತಿದ ಹಾಗೆ ಮೂಳೆ ಇಳಿಯುತ್ತಾ ಹೋಗಿ ತಳದ ತಗಡಿಗೋ ಪ್ಲಾಸ್ಟಿಕ್ಕಿಗೋ ತಾಗುತ್ತದೆ. ಸುತ್ತಲಿನ ಫೋಮು ಮೇಲೆದ್ದು ತೊಡೆಯನ್ನು, ಹಿಂದಿನ ಬಾಲದ ಮೂಳೆಯನ್ನು ಒತ್ತುತ್ತದೆ. ರಕ್ತ ಸರಿಯಾಗಿ ಓಡುವುದಿಲ್ಲ. ಮೊದಲು ಜೋಮು, ಆಮೇಲೆ ಉರಿ, ಆಮೇಲೆ ಸೊಂಟ ಹಿಡಿದುಕೊಳ್ಳುತ್ತದೆ. ಅಂಗಡಿಯಲ್ಲಿ ಹೆಬ್ಬೆರಳಲ್ಲಿ ಒತ್ತಿ "ಆಹಾ, ಬೆಣ್ಣೆ" ಅಂದ ಸೀಟೇ ನೂರು ಕಿಲೋಮೀಟರ್ ಆದ ಮೇಲೆ ಕಲ್ಲಾಗುವುದು ಹೀಗೆ. ಹೆಬ್ಬೆರಳಲ್ಲಿ ಒತ್ತಿ ನೋಡುವುದನ್ನು ದಯವಿಟ್ಟು ಬಿಡಿ. ಹೆಬ್ಬೆರಳು ಪ್ರಯಾಣ ಹೋಗುವುದಿಲ್ಲ.

ಇದು ನನಗೆ ಹೇಗೆ ಮನದಟ್ಟಾಯಿತು ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಹದಿನೈದು ವರ್ಷದ ಹಿಂದಿನ ಮಾತು. ಒಬ್ಬ ಮೇಷ್ಟ್ರು, ಅವರ ಹೆಂಡತಿ. ಸುಬ್ರಹ್ಮಣ್ಯಕ್ಕೆ ಹರಕೆ ಇತ್ತು, ಬೈಕಿನಲ್ಲೇ ಹೋಗುವುದು ಅಂತ ತೀರ್ಮಾನ. ಮೇಷ್ಟ್ರು ಅಂಗಡಿಗೆ ಬಂದು ನಾಲ್ಕು ಇಂಚು ಮೆತ್ತಗಿನ ಫೋಮು ಹಾಕಿಸಿದರು. ಕೂತು ನೋಡಿದರು, ಎರಡು ಸಲ ಪುಟಿದು ನೋಡಿದರು, ಸಂತೋಷಪಟ್ಟರು. ಆ ತಾಯಿ ತರಕಾರಿ ಚೀಲ ಹಿಡಿದುಕೊಂಡು ಅಂಗಡಿಯ ಹೊರಗೆ ನಿಂತಿದ್ದರು. ಒಂದು ಸಲ ಕೂತು ನೋಡಿ ಅಮ್ಮಾ ಅಂತ ನಾನು ಕರೆಯಲಿಲ್ಲ. ಕರೆಯಬೇಕಿತ್ತು. ಆ ತಪ್ಪು ನನ್ನದು.

ಬೆಳಗ್ಗೆ ಐದೂವರೆಗೆ ಹೊರಟರಂತೆ. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ರಸ್ತೆ ನೆಟ್ಟಗಿದೆ. ಕುಶಾಲನಗರದಲ್ಲಿ ಕಾಫಿ ಕುಡಿಯಲು ಇಳಿದಾಗ ಆಕೆಗೆ ಎಡತೊಡೆ ಜೋಮು ಹಿಡಿದಿತ್ತು. ಹೇಳಲಿಲ್ಲ. ಹರಕೆಯ ಪ್ರಯಾಣ, ಯಾಕೆ ಅಪಶಕುನದ ಮಾತು ಅಂದುಕೊಂಡರಂತೆ. ಮಡಿಕೇರಿಯವರೆಗೆ ತಡೆದುಕೊಂಡರು. ಮೈಸೂರಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್. ಅಲ್ಲಿಂದ ಸಂಪಾಜೆ ಘಾಟಿ ಇಳಿಜಾರು ಶುರುವಾಯಿತು ನೋಡಿ, ಆಗ ನಿಜವಾದ ಕಷ್ಟ ಬಂತು. ನಾನು ಹಾಕಿದ ಫೋಮು ಹಿಂದೆ ದಪ್ಪ, ಮುಂದೆ ತೆಳ್ಳಗೆ. ಸೀಟೇ ಮುಂದಕ್ಕೆ ಜಾರು. ಘಾಟಿಯ ಇಳಿಜಾರು ಅದಕ್ಕೆ ಸೇರಿಕೊಂಡಿತು. ಪ್ರತಿ ತಿರುವಿನಲ್ಲಿ ಬ್ರೇಕು ಒತ್ತಿದಾಗ ಆಕೆ ಜಾರಿ ಮೇಷ್ಟ್ರ ಬೆನ್ನಿಗೆ, ಮೇಷ್ಟ್ರು ಜಾರಿ ಟ್ಯಾಂಕಿಗೆ. ಆಕೆ ಹಿಂದೆ ತಳ್ಳಿಕೊಂಡು ಕೂರುವುದು, ಮತ್ತೆ ಜಾರುವುದು. ಘಾಟಿಯುದ್ದಕ್ಕೂ ಇದೇ. ಮೇಷ್ಟ್ರ ಮಣಿಕಟ್ಟು ಊದಿಕೊಂಡಿತು, ಇಬ್ಬರ ಭಾರವನ್ನೂ ತಡೆದದ್ದು ಅವರ ಎರಡು ಕೈಗಳೇ. ಸಂಪಾಜೆಯಲ್ಲಿ ಬೈಕು ನಿಲ್ಲಿಸಿದಾಗ ಆಕೆಗೆ ಇಳಿಯಲು ಆಗಲಿಲ್ಲ. ರಸ್ತೆ ಬದಿಯ ಅಂಗಡಿಯವರು ಬೆಂಚು ತಂದು ಹಾಕಿದರಂತೆ.

ಹರಕೆ ಮುಗಿಸಿದರು. ವಾಪಸ್ ಬರುವಾಗ ಆಕೆ ಬಸ್ಸಿನಲ್ಲಿ, ಮೇಷ್ಟ್ರು ಒಬ್ಬರೇ ಬೈಕಿನಲ್ಲಿ.

ಮುಂದಿನ ವಾರ ಆಕೆ ಒಬ್ಬರೇ ಅಂಗಡಿಗೆ ಬಂದರು. ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. ನನ್ನ ಕತ್ತರಿ ಪಕ್ಕ ಇದ್ದ ಸೀಮೆಸುಣ್ಣ ತೆಗೆದುಕೊಂಡು ಸೀಟಿನ ಮೇಲೆ ಗುರುತು ಹಾಕಿದರು. "ಇಲ್ಲಿ ಒತ್ತುತ್ತೆ, ಇಲ್ಲಿ ಕುಯ್ಯುತ್ತೆ, ಇಲ್ಲಿಂದ ಜಾರುತ್ತೆ." ಮೂರೇ ಮಾತು. ಅಲ್ಲಿಯವರೆಗೆ ಸೀಟಿನ ಬಗ್ಗೆ ಅಷ್ಟು ಖಚಿತವಾಗಿ ನನಗೆ ಯಾರೂ ಹೇಳಿರಲಿಲ್ಲ. ಹೇಳಬಲ್ಲವರನ್ನು ನಾನು ಕೇಳಿರಲೇ ಇಲ್ಲ!

ಆ ದಿನ ಒಂದು ಕೆಲಸ ಮಾಡಿದೆ. ಪೆಟ್ಟಿಗೆಯ ರಟ್ಟು ಇರುತ್ತದಲ್ಲ, ಒಳಗೆ ಅಲೆ ಅಲೆಯಾಗಿರುವುದು, ಅದನ್ನು ಸ್ಟೂಲಿನ ಮೇಲೆ ಹಾಕಿ ಆಕೆಯನ್ನು ಕೂರಿಸಿದೆ. ಎರಡು ನಿಮಿಷ ಕೂತು ಎದ್ದರು. ರಟ್ಟಿನ ಮೇಲೆ ಎರಡು ಕುಳಿ. ನಡುವಿನ ಅಂತರ ಅಳೆದೆ, ಹದಿಮೂರು ಸೆಂಟಿಮೀಟರ್. ಸಂಜೆ ಮೇಷ್ಟ್ರನ್ನು ಕರೆಸಿ ಅಳೆದೆ, ಹನ್ನೊಂದು. ಹೆಂಗಸರ ಸೊಂಟದ ಮೂಳೆ ಸಾಮಾನ್ಯವಾಗಿ ಗಂಡಸರದ್ದಕ್ಕಿಂತ ಅಗಲ. ಆದರೆ ನಮ್ಮ ಬೈಕುಗಳಲ್ಲಿ ಸೀಟು ಹಿಂದಕ್ಕೆ ಹೋದ ಹಾಗೆ ಕಿರಿದಾಗುತ್ತದೆ. ಅಗಲ ಬೇಕಾದ ಕಡೆ ಕಿರಿದು! ಆಕೆಯ ಮೂಳೆಗಳು ಸೀಟಿನ ಅಂಚಿನ ಮೇಲೆ ಕೂತಿದ್ದವು. ಜೋಮು ಹಿಡಿಯದೆ ಇನ್ನೇನು?

ಸೀಟು ಪೂರ್ತಿ ಬಿಚ್ಚಿದೆ. ಹಿಂಭಾಗವನ್ನು ಎರಡೂ ಕಡೆ ಒಂದೊಂದು ಇಂಚು ಅಗಲ ಮಾಡಿದೆ. ಜಾರು ತೆಗೆದು, ಹಳೇ ಯೆಜ್ಡಿಯ ಹಾಗೆ ಮಟ್ಟ ಮಾಡಿದೆ. ಕೆಳಗೆ ಒಂದು ಇಂಚು ರೀಬಾಂಡ್, ಅಂದರೆ ಫೋಮಿನ ತುಣುಕುಗಳನ್ನು ಒತ್ತಿ ಮಾಡಿದ ಗಟ್ಟಿ ಪದರ. ಮೇಲೆ ಎರಡು ಇಂಚು ಒಳ್ಳೆಯ ಫೋಮು. ಅದರ ಮೇಲೆ ಅರ್ಧ ಇಂಚು ಮಾತ್ರ ಮೆತ್ತಗಿನದು. ಕೂತ ಕೂಡಲೇ ಆಕೆ "ಗಟ್ಟಿ ಇದೆಯಲ್ಲ" ಅಂದರು. ಅರ್ಧ ಗಂಟೆ ಓಡಾಡಿಸಿಕೊಂಡು ಬನ್ನಿ ಅಂತ ಕಳಿಸಿದೆ. ನಂಜನಗೂಡಿಗೆ ಹೋಗಿ, ದೇವರಿಗೆ ಕೈಮುಗಿದು, ಬಾಳೆಹಣ್ಣು ತಂದರು. ಆಮೇಲೆ ಚಿಕ್ಕಮಗಳೂರಿಗೆ ಹೋದರು. ಹೋಗುವಾಗಲೂ ಬೈಕು, ಬರುವಾಗಲೂ ಬೈಕು. ಆ ರಟ್ಟು ಈಗಲೂ ನನ್ನ ಅಂಗಡಿಯ ಗೋಡೆಯ ಮೇಲಿದೆ.

ಕಥೆ ಉದ್ದವಾಯಿತು, ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಫೋಮು. ಅಂಗಡಿಯಲ್ಲಿ 32, 40, 50 ಡೆನ್ಸಿಟಿ ಅಂತ ಹೇಳುತ್ತಾರೆ. ಅದು ಗಟ್ಟಿತನದ ಅಂಕಿ ಅಂದುಕೊಳ್ಳಬೇಡಿ, ತೂಕದ ಅಂಕಿ. ಉದ್ದ, ಅಗಲ, ಎತ್ತರ ಒಂದೊಂದು ಮೀಟರ್ ಇರುವ ಫೋಮಿನ ದಿಮ್ಮಿ 40 ಕಿಲೋ ತೂಗಿದರೆ ಅದು 40 ಡೆನ್ಸಿಟಿ. ತೂಕ ಕಡಿಮೆ ಇದ್ದರೆ ಒಳಗೆ ಗಾಳಿಯೇ ಜಾಸ್ತಿ, ಬೇಗ ಕುಸಿಯುತ್ತದೆ. ಸೀಟಿಗೆ 40ಕ್ಕಿಂತ ಕಡಿಮೆ ನಾನು ಹಾಕುವುದಿಲ್ಲ. ಸೋಫಾ ಬಿಚ್ಚಿ ಉಳಿದ ಸ್ಪಾಂಜು ತಂದು ಇದನ್ನೇ ತುಂಬಿ ಅನ್ನುವವರಿದ್ದಾರೆ. ಸೋಫಾ ಅಲ್ಲಾಡುವುದಿಲ್ಲ ಸ್ವಾಮಿ, ಬೈಕು ಅಲ್ಲಾಡುತ್ತದೆ.

ಈಗಿನ ಹೊಸ ಬೈಕುಗಳಲ್ಲಿ ಕೆಲವಕ್ಕೆ ಸೀಟು ಎರಡು ತುಂಡು. ಮುಂದೆ ಚೆನ್ನಾಗಿರುತ್ತದೆ, ಹಿಂದೆ ಅಂಗೈಯಗಲದ ತುಂಡೊಂದನ್ನು ಅಟ್ಟದ ಮೇಲೆ ಇಟ್ಟ ಹಾಗೆ ಇಟ್ಟಿರುತ್ತಾರೆ. ಅದರ ಮೇಲೆ ಒಬ್ಬರನ್ನು ಕೂರಿಸಿ ಹುಬ್ಬಳ್ಳಿಗೆ ಕರೆದುಕೊಂಡು ಹೋಗುತ್ತೇನೆ ಅಂತ ಹುಡುಗರು ಬಂದಾಗ ನನಗೆ ಬೇಜಾರಾಗುತ್ತದೆ. ಬೆಂಗಳೂರಿಂದ ಹುಬ್ಬಳ್ಳಿಗೆ 400 ಕಿಲೋಮೀಟರ್ ಮೇಲಾಗುತ್ತದೆ. ಆ ತುಂಡನ್ನು ನಾನು ಎಷ್ಟು ಹೊಲಿದರೂ ಅಗಲ ಮಾಡಲು ಜಾಗವೇ ಇರುವುದಿಲ್ಲ. ಹಿಂದೆ ಯಾರಾದರೂ ಕೂರುವುದು ಖಂಡಿತ ಅಂತಿದ್ದರೆ ಉದ್ದ ಸೀಟಿನ ಬೈಕನ್ನೇ ಕೊಳ್ಳಿ. ಶೋರೂಮಿಗೆ ಅವರನ್ನು ಕರೆದುಕೊಂಡು ಹೋಗಿ, ಅವರು ಕೂತು ನೋಡಲಿ.

ಜೆಲ್ ಪ್ಯಾಡು, ಗಾಳಿ ತುಂಬುವ ಕುಶನ್ನು ಕೇಳುತ್ತಾರೆ. ಸೀಟಿನ ಆಕಾರ ಸರಿಯಿದ್ದರೆ ಅವು ಸಹಾಯ ಮಾಡುತ್ತವೆ, ಆಕಾರವೇ ತಪ್ಪಿದ್ದರೆ ಏನೂ ಮಾಡುವುದಿಲ್ಲ. ಜೆಲ್ ಅನ್ನು ಬಿಸಿಲಲ್ಲಿ ಬಿಟ್ಟರೆ ಹಂಚಿನ ಹಾಗೆ ಕಾಯುತ್ತದೆ, ಮೇಲೆ ಬಟ್ಟೆ ಮುಚ್ಚಿ. ಬೆವರು ಜಾಸ್ತಿ ಅನ್ನುವವರಿಗೆ ಬಲೆಯಂಥ ಮೆಶ್ ಕವರ್ ಒಳ್ಳೆಯದು, ಗಾಳಿಯಾಡುತ್ತದೆ.

ಹಿಂದಿನ ಶಾಕ್ ಅಬ್ಸಾರ್ಬರ್ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಒಂದು ಬಳೆ ಇರುತ್ತದೆ. ಎಷ್ಟೋ ಜನ ಬೈಕು ಕೊಂಡಾಗಿನಿಂದ ಅದನ್ನು ಮುಟ್ಟಿಯೇ ಇರುವುದಿಲ್ಲ. ಇಬ್ಬರು ಹೋಗುವಾಗ ಮೆಕ್ಯಾನಿಕ್ ಹತ್ತಿರ ಒಂದೆರಡು ಮೆಟ್ಟಿಲು ಬಿಗಿ ಮಾಡಿಸಿ. ಇಬ್ಬರ ಭಾರಕ್ಕೆ ಟೈರಿನ ಗಾಳಿ ಎಷ್ಟಿರಬೇಕು ಅಂತ ಬೈಕಿನ ಪುಸ್ತಕದಲ್ಲೇ ಬರೆದಿರುತ್ತಾರೆ, ಅಷ್ಟೇ ಹಾಕಿಸಿ. ಇದಕ್ಕೆ ಖರ್ಚು ಏನೇನೂ ಇಲ್ಲ.

ಹಿಂದಿನವರು ಹಿಡಿದುಕೊಳ್ಳುವ ಕಂಬಿಯನ್ನು ಅಂದಕ್ಕೆಂದು ತೆಗೆಸಬೇಡಿ. ಆ ಹಿಡಿ, ಕಾಲಿಡುವ ಜಾಗ, ಸೀರೆ ಚಕ್ರಕ್ಕೆ ಸಿಗದಂತೆ ತಡೆಯುವ ಗಾರ್ಡು, ಈ ಮೂರೂ ಇರಲೇಬೇಕು ಅಂತ ಮೋಟಾರು ವಾಹನ ನಿಯಮದಲ್ಲೇ ಇದೆ. ತೆಗೆದುಕೊಡಿ ಅಂದರೆ ನಾನು ಕೆಲಸ ವಾಪಸ್ ಕಳಿಸುತ್ತೇನೆ. ದೂರದ ದಾರಿಯಲ್ಲಿ ಒಂದೇ ಪಕ್ಕಕ್ಕೆ ಕಾಲು ಹಾಕಿ ಕೂರುವುದು ಬೇಡ ಅಮ್ಮಂದಿರೇ. ನಡು ತಿರುಚಿಕೊಂಡೇ ಇರುತ್ತದೆ, ಅದಕ್ಕೆ ಯಾವ ಸೀಟೂ ಮದ್ದಲ್ಲ. ಚೂಡಿದಾರ ಹಾಕಿಕೊಂಡು ಎರಡೂ ಕಡೆ ಕಾಲು ಹಾಕಿ ಕೂರಿ. ಗಂಟೆಗೊಮ್ಮೆ ಇಳಿದು ಐದು ನಿಮಿಷ ನಡೆಯಿರಿ. ಎಲ್ಲಿ ನಿಲ್ಲಿಸಬೇಕು ಅಂತ ಹೇಳುವ ಹಕ್ಕು ಹಿಂದೆ ಕೂತವರದ್ದು. ಅವರು ಭುಜ ತಟ್ಟಿದರೆ ನಿಲ್ಲಿಸಬೇಕು. "ಇನ್ನೊಂದು ಇಪ್ಪತ್ತು ಕಿಲೋಮೀಟರ್ ಅಷ್ಟೇ" ಅನ್ನಬಾರದು.

ಇವತ್ತು ಸಂಜೆ ಮನೆಯಲ್ಲಿ ಹಳೇ ರಟ್ಟಿನ ಪೆಟ್ಟಿಗೆ ಹುಡುಕಿ. ಬಿಚ್ಚಿ ಸ್ಟೂಲಿನ ಮೇಲೆ ಹಾಸಿ, ಹಿಂದೆ ಕೂರುವವರನ್ನು ಮೊದಲು ಕೂರಿಸಿ, ಆಮೇಲೆ ನೀವು ಕೂತುಕೊಳ್ಳಿ. ಎರಡು ಕುಳಿಗಳ ನಡುವೆ ಎಷ್ಟಿದೆ ಅಂತ ಸ್ಕೇಲಿನಲ್ಲಿ ಅಳೆದು, ರಟ್ಟಿನ ಮೇಲೇ ಹೆಸರು ಹಾಕಿ ಬರೆಯಿರಿ. ಸೀಟಿನ ಅಂಗಡಿಗೆ ಹೋಗುವಾಗ ಆ ರಟ್ಟನ್ನು ತೆಗೆದುಕೊಂಡು ಹೋಗಿ. ಅವರನ್ನೂ ಕರೆದುಕೊಂಡು ಹೋಗಿ.

ನಮಸ್ಕಾರ.