ಋತುವಿಗೆ ಮುನ್ನವೇ ಕಟ್ಟುವ ಬಾಜಿ

ಕೇಳುಗರಿಗೆ ನಮಸ್ಕಾರ.

2015ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್ ಶುರುವಾಗುವಾಗ, ಲೆಸ್ಟರ್ ಸಿಟಿ ತಂಡ ಪ್ರಶಸ್ತಿ ಗೆಲ್ಲುತ್ತದೆ ಎಂದು ಬಾಜಿ ಕಟ್ಟುವವರಿಗೆ ಅಲ್ಲಿನ ಬುಕ್ಕಿಗಳು ಒಂದಕ್ಕೆ ಐದು ಸಾವಿರದ ದರ ಕೊಟ್ಟಿದ್ದರು, ಅಂದರೆ ಒಂದು ಕಟ್ಟಿ ಗೆದ್ದರೆ ಐದು ಸಾವಿರ ಲಾಭ. ಹಿಂದಿನ ಋತುವಿನಲ್ಲಿ ಆ ತಂಡ ಕೆಳಗಿನ ದರ್ಜೆಗೆ ಜಾರುವುದು ಹೇಗೋ ತಪ್ಪಿ 14ನೇ ಸ್ಥಾನದಲ್ಲಿ ಉಳಿದುಕೊಂಡಿತ್ತು. ಮರುವರ್ಷದ ಮೇ ತಿಂಗಳಲ್ಲಿ ಅದೇ ತಂಡ ಚಾಂಪಿಯನ್ ಆಯಿತು. ಎರಡನೆಯ ಸ್ಥಾನದ ಆರ್ಸೆನಲ್ 10 ಅಂಕ ಹಿಂದಿತ್ತು.

ತಿಂಗಳುಗಟ್ಟಲೆ ಮುಂಚೆ ಕಟ್ಟುವ ಬಾಜಿಯ ಮಾತು ಬಂದಾಗಲೆಲ್ಲ ಜನ ಈ ಕಥೆಯನ್ನೇ ಹೇಳುತ್ತಾರೆ. ಕಥೆ ನಿಜ. ಆದರೆ ಇದೊಂದನ್ನೇ ನಂಬಿ ಯಾರಾದರೂ ದುಡ್ಡು ಹಾಕಿಬಿಟ್ಟಾರು ಎಂಬ ಆತಂಕ ನನ್ನದು. ಬೇಗ ಕಟ್ಟುವವನಿಗೆ ಬುಕ್ಕಿ ಹೆಚ್ಚಿನ ದರ ಕೊಡುವುದು, ಅವನು ಹೊರಲಿರುವ ಅಪಾಯಕ್ಕೆ ಕೊಡುವ ಕೂಲಿ. ಆ ಕೂಲಿ ಹೊರೆಗೆ ತಕ್ಕಷ್ಟಿದೆಯೇ ಎಂದು ಕೇಳಿಕೊಳ್ಳಬೇಕು. ಬಹಳಷ್ಟು ಸಲ ಇರುವುದಿಲ್ಲ ಎಂಬುದು ನನ್ನ ತೀರ್ಮಾನ.

ಮೊದಲು ಲಾಭದ ಕಡೆ ನೋಡೋಣ. ಋತು ಆರಂಭವಾಗುವ ಮುನ್ನ ಒಂದಕ್ಕೆ ಹತ್ತರ ದರವಿದ್ದ ತಂಡ ಸತತವಾಗಿ ಗೆಲ್ಲತೊಡಗಿದರೆ, ಅರ್ಧ ದಾರಿ ಮುಗಿಯುವಷ್ಟರಲ್ಲಿ ಅದರ ದರ ಒಂದಕ್ಕೆ ನಾಲ್ಕಕ್ಕೆ ಇಳಿಯಬಹುದು. ಮೊದಲೇ ಕಟ್ಟಿದವನಿಗೆ ಹಳೆಯ ದರವೇ ಉಳಿಯುತ್ತದೆ. ಇನ್ನೊಂದು ಅನುಕೂಲವೂ ಇದೆ. ಆರಂಭದ ದರಗಳನ್ನು ಬುಕ್ಕಿ ಅಂದಾಜಿನ ಮೇಲೆ ನಿಗದಿ ಮಾಡಿರುತ್ತಾನೆ. ಒಂದು ತಂಡವನ್ನು ವರ್ಷಗಳಿಂದ ಹತ್ತಿರದಿಂದ ಗಮನಿಸಿದವನಿಗೆ, ಹೊಸ ತರಬೇತುದಾರನ ರೀತಿ, ಮೀಸಲು ಆಟಗಾರರ ಸತ್ವ, ವೇಳಾಪಟ್ಟಿಯ ಏರಿಳಿತ ಇವೆಲ್ಲ ಬುಕ್ಕಿಗಿಂತ ಚೆನ್ನಾಗಿ ಗೊತ್ತಿರಬಹುದು. ಸುದ್ದಿ ಎಲ್ಲರಿಗೂ ತಲುಪಿದ ಮೇಲೆ ಆ ತಿಳಿವಳಿಕೆಗೆ ಬೆಲೆಯಿಲ್ಲ.

ಆದರೆ ಒಳ್ಳೆಯ ದರ ಸಿಕ್ಕಿದ ಮಾತ್ರಕ್ಕೆ ಬಾಜಿ ಗೆಲ್ಲುವುದಿಲ್ಲ. ಅಮೆರಿಕನ್ ಫುಟ್‌ಬಾಲ್‌ನ ಖ್ಯಾತ ಕ್ವಾರ್ಟರ್‌ಬ್ಯಾಕ್, ಅಂದರೆ ತಂಡದ ದಾಳಿಯನ್ನು ನಡೆಸುವ ಆಟಗಾರ, ಆರನ್ ರಾಜರ್ಸ್ 2023ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ಜೆಟ್ಸ್ ತಂಡ ಸೇರಿದರು. ಅವರು ಬರುವರೆಂಬ ಸುದ್ದಿಗೆ ಮುಂಚೆಯೇ ಜೆಟ್ಸ್ ಮೇಲೆ ಕಟ್ಟಿದ್ದವರು, ದರ ಇಳಿಯುವುದನ್ನು ಕಂಡು ತಮ್ಮ ಲೆಕ್ಕ ಸರಿಯಾಯಿತೆಂದು ಹಿಗ್ಗಿರಬೇಕು. ನಿಜಕ್ಕೂ ಸರಿಯಾಗಿತ್ತು. ಸೆಪ್ಟೆಂಬರ್ 11ರಂದು ಋತುವಿನ ಮೊದಲ ಪಂದ್ಯದಲ್ಲಿ, ತಮ್ಮ ನಾಲ್ಕನೆಯ ಸ್ನ್ಯಾಪ್‌ನಲ್ಲೇ, ಅಂದರೆ ಚೆಂಡು ನಾಲ್ಕನೆಯ ಸಲ ಆಟಕ್ಕೆ ಬಂದಾಗಲೇ, ರಾಜರ್ಸ್ ಅವರ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. ಅಲ್ಲಿಗೆ ಅವರ ವರ್ಷ ಮುಗಿಯಿತು, ಜೆಟ್ಸ್ ಆಸೆಯೂ ಕಮರಿತು.

ಇದಕ್ಕೂ ಕಠೋರವಾದದ್ದು 2002ರ ಫುಟ್‌ಬಾಲ್ ವಿಶ್ವಕಪ್. ಫ್ರಾನ್ಸ್ ಹಾಲಿ ಚಾಂಪಿಯನ್, ಜೊತೆಗೆ ಯುರೋಪಿನ ಚಾಂಪಿಯನ್ ಕೂಡ. ಗೆಲ್ಲುವ ತಂಡಗಳ ಪಟ್ಟಿಯಲ್ಲಿ ಅದರ ಹೆಸರು ಮೇಲೆಯೇ ಇತ್ತು. ಟೂರ್ನಿಗೆ ಕೆಲವೇ ದಿನಗಳಿರುವಾಗ ದಕ್ಷಿಣ ಕೊರಿಯಾ ವಿರುದ್ಧದ ಅಭ್ಯಾಸ ಪಂದ್ಯದಲ್ಲಿ ಫ್ರಾನ್ಸಿನ ತಾರೆ ಜಿನೆದಿನ್ ಜಿದಾನ್ ತೊಡೆಗೆ ಗಾಯ ಮಾಡಿಕೊಂಡರು. ಅವರಿಲ್ಲದೆ ಆಡಿದ ಫ್ರಾನ್ಸ್ ಸೆನೆಗಲ್‌ಗೆ ಸೋತಿತು, ಉರುಗ್ವೆ ಜೊತೆ ಡ್ರಾ ಮಾಡಿಕೊಂಡಿತು. ಮೂರನೆಯ ಪಂದ್ಯಕ್ಕೆ ಜಿದಾನ್ ತೊಡೆಗೆ ಪಟ್ಟಿ ಸುತ್ತಿಕೊಂಡೇ ಇಳಿದರು. ಡೆನ್ಮಾರ್ಕ್ ಎರಡು ಗೋಲು ಹೊಡೆಯಿತು. ಒಂದೇ ಒಂದು ಗೋಲನ್ನೂ ಗಳಿಸದೆ ಫ್ರಾನ್ಸ್ ಮನೆಗೆ ಮರಳಿತು. ಕೊನೆಯ ವಾರದವರೆಗೆ ತಡೆದುಕೊಂಡವನಿಗೆ ಜಿದಾನ್ ಗಾಯ ಗೊತ್ತಿತ್ತು. ತಿಂಗಳುಗಳ ಹಿಂದೆ ಕಟ್ಟಿದವನ ಹಣ ಅದಾಗಲೇ ಸಿಕ್ಕಿಹಾಕಿಕೊಂಡಿತ್ತು.

ಕುದುರೆ ಪಂದ್ಯದಲ್ಲಂತೂ ಸೋಲುವುದಕ್ಕೆ ಓಡಲೇಬೇಕೆಂದಿಲ್ಲ. ಬ್ರಿಟನ್ನಿನಲ್ಲಿ ವಾರಗಳ, ತಿಂಗಳುಗಳ ಮುಂಚೆ ಕಟ್ಟುವ ಬಾಜಿಯನ್ನು ಆಂಟಿ-ಪೋಸ್ಟ್ ಎನ್ನುತ್ತಾರೆ. ಅದರ ಸಾಮಾನ್ಯ ನಿಯಮದ ಪ್ರಕಾರ ಕುದುರೆ ಕುಂಟಿ ಹಿಂದೆ ಸರಿದರೂ, ನೆಲ ಹದವಾಗಿಲ್ಲವೆಂದು ಮಾಲೀಕ ಓಡಿಸದಿದ್ದರೂ ಕಟ್ಟಿದ ಹಣ ಹೋದಂತೆಯೇ. ಓಡದಿದ್ದರೆ ಹಣ ವಾಪಸ್ ಎಂಬ ಷರತ್ತನ್ನು ಬುಕ್ಕಿ ಪ್ರತ್ಯೇಕವಾಗಿ ಘೋಷಿಸಿದ್ದರೆ ಮಾತ್ರ ಉಳಿಯುತ್ತದೆ. ಟೆನಿಸ್‌ನಲ್ಲಿ ನಿಯಮ ಬುಕ್ಕಿಯಿಂದ ಬುಕ್ಕಿಗೆ ಬೇರೆ. 14 ಬಾರಿ ಫ್ರೆಂಚ್ ಓಪನ್ ಗೆದ್ದ ರಫೆಲ್ ನಡಾಲ್ 2023ರಲ್ಲಿ ಆಡುವುದಿಲ್ಲವೆಂದು ಪ್ರಕಟಿಸಿದ್ದು ಟೂರ್ನಿಗೆ ಕೆಲವೇ ದಿನಗಳ ಮುಂಚೆ. ಅಂಥ ಹೊತ್ತಿನಲ್ಲಿ ಬಾಜಿ ಕಟ್ಟಿದವನ ಗತಿ ನಿಯಮಗಳ ಪುಟದಲ್ಲಿ ಏನಿದೆ ಎಂಬುದರ ಮೇಲೆ ನಿಂತಿರುತ್ತದೆ. ಆ ಪುಟವನ್ನು ಹಣ ಕಟ್ಟುವ ಮೊದಲು ಓದಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಇನ್ನು ಕಣ್ಣಿಗೆ ಬೀಳದ ನಷ್ಟವೊಂದಿದೆ. ದಯವಿಟ್ಟು ಕಾಗದ, ಪೆನ್ನು ತೆಗೆದುಕೊಳ್ಳಿ. ದರಕ್ಕೆ ಒಂದನ್ನು ಕೂಡಿಸಿ, ಬಂದದ್ದರಿಂದ ನೂರನ್ನು ಭಾಗಿಸಿ. ಒಂದಕ್ಕೆ ನಾಲ್ಕು ಎಂದರೆ ಐದರಿಂದ ಭಾಗ, ಅಂದರೆ ಶೇಕಡಾ 20 ಅವಕಾಶ. ಒಂದಕ್ಕೆ ಒಂಬತ್ತು ಎಂದರೆ ಶೇಕಡಾ 10. ಲೀಗಿನ ಎಲ್ಲ ತಂಡಗಳಿಗೂ ಹೀಗೆ ಲೆಕ್ಕ ಹಾಕಿ ಕೂಡಿಸಿದರೆ ಮೊತ್ತ ನೂರು ಬರಬೇಕು, ಗೆಲ್ಲುವವರು ಒಬ್ಬರೇ ತಾನೆ. ಆದರೆ ಬರುವುದು ನೂರಕ್ಕಿಂತ ಹೆಚ್ಚು. ಎರಡೇ ಫಲಿತಾಂಶವಿರುವ ಪಂದ್ಯದಲ್ಲಿ ಮೊತ್ತ 105 ಇದ್ದರೆ, ಇಪ್ಪತ್ತು ತಂಡಗಳ ದೀರ್ಘ ಸ್ಪರ್ಧೆಯಲ್ಲಿ 130 ಇರಬಹುದು. 130 ಎಂದರೆ, ಎಲ್ಲ ತಂಡಗಳ ಮೇಲೂ ಆ ಪ್ರಮಾಣದಲ್ಲೇ ಹಣ ಹಂಚಿ ಕಟ್ಟಿದವನಿಗೆ ನೂರಕ್ಕೆ 77 ಮಾತ್ರ ಮರಳುತ್ತದೆ. ತಂಡಗಳ ಪಟ್ಟಿ ಉದ್ದವಿದ್ದಷ್ಟೂ ಬುಕ್ಕಿ ತನ್ನ ಪಾಲನ್ನು ಅಲ್ಲಲ್ಲಿ ಚೂರುಚೂರಾಗಿ ಅಡಗಿಸಿಡಬಲ್ಲ. ಅದರ ದೊಡ್ಡ ಭಾಗ ಕೂತಿರುವುದು ಹೆಚ್ಚಾಗಿ ದೊಡ್ಡ ದರದ ಹೆಸರುಗಳಲ್ಲಿ. ಜನ ಕುದುರೆ ಪಂದ್ಯದಲ್ಲಿ ದೊಡ್ಡ ದರದ ಕುದುರೆಗಳ ಮೇಲೆ ಅವುಗಳ ಯೋಗ್ಯತೆಗಿಂತ ಹೆಚ್ಚು ಹಣ ಹಾಕುತ್ತಾರೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರಿಫಿತ್ 1949ರಲ್ಲೇ ತೋರಿಸಿದ್ದರು.

ಬೇಗ ಕಟ್ಟಿದವನ ಕೈಯಲ್ಲಿ ನಡುವೆ ಒಂದು ಅಸ್ತ್ರ ಉಳಿದಿರುತ್ತದೆ. ಒಂದಕ್ಕೆ ಹತ್ತರ ದರದಲ್ಲಿ ನೂರು ಕಟ್ಟಿದ್ದೀರಿ, ನಿಮ್ಮ ತಂಡ ಫೈನಲ್ ತಲುಪಿದೆ ಎನ್ನೋಣ. ಎದುರಾಳಿಯ ಮೇಲೆ ಸಮ ದರದಲ್ಲಿ, ಅಂದರೆ ಒಂದಕ್ಕೆ ಒಂದರಂತೆ, 550 ಕಟ್ಟಿದರೆ, ಯಾರೇ ಗೆದ್ದರೂ ನಿಮಗೆ 450 ಉಳಿಯುತ್ತದೆ. ಬುಕ್ಕಿಯೇ ಕೊಡುವ ಕ್ಯಾಶ್-ಔಟ್, ಅಂದರೆ ಫಲಿತಾಂಶಕ್ಕೆ ಮುಂಚೆಯೇ ಒಂದು ಮೊತ್ತ ಪಡೆದು ಬಾಜಿ ಮುಗಿಸಿಕೊಳ್ಳುವುದು, ಇದೇ ಲೆಕ್ಕದ ಸುಲಭ ರೂಪ, ಆದರೆ ಅವನು ತನ್ನ ಪಾಲನ್ನು ಇನ್ನೊಮ್ಮೆ ಹಿಡಿದುಕೊಂಡೇ ಮೊತ್ತ ಹೇಳುತ್ತಾನೆ. ಲೆಸ್ಟರ್ ಮೇಲೆ ಕಟ್ಟಿದ್ದ ಹಲವರು ಲೀಗ್ ಮುಗಿಯುವ ಮುಂಚೆಯೇ ಹೀಗೆ ಹಣ ಪಡೆದು ಹೊರಬಿದ್ದರು. ಅವರನ್ನು ಹೇಡಿಗಳೆಂದು ಹೀಯಾಳಿಸಿದ್ದು ಅನ್ಯಾಯ. ಜೀವನವನ್ನೇ ಬದಲಿಸುವ ಮೊತ್ತ ಎದುರಿಗಿದ್ದಾಗ ಅರ್ಧವನ್ನಾದರೂ ಭದ್ರಪಡಿಸಿಕೊಳ್ಳುವುದು ವಿವೇಕ.

ಟೋಟ್ ಪದ್ಧತಿಯಲ್ಲಿ, ಅಂದರೆ ಎಲ್ಲರ ಹಣವನ್ನೂ ಒಟ್ಟುಗೂಡಿಸಿ ಗೆದ್ದವರಿಗೆ ಹಂಚುವಲ್ಲಿ, ಬೇಗ ಕಟ್ಟಿದರೆ ಏನೂ ಲಾಭವಿಲ್ಲ. ಅಲ್ಲಿ ದರ ನಿಗದಿಯಾಗುವುದೇ ಕೊನೆಯಲ್ಲಿ.

ನನ್ನನ್ನು ಹೆಚ್ಚು ಕಾಡುವುದು ಕಾಯುವ ಅವಧಿ. ನಾಳೆಯ ಪಂದ್ಯದಲ್ಲಿ ಸೋತವನಿಗೆ ನಾಳೆಯೇ ಲೆಕ್ಕ ಸಿಗುತ್ತದೆ. ಹತ್ತು ತಿಂಗಳ ಬಾಜಿಯಲ್ಲಿ ಹಣ ಕಳೆದಿದೆ ಎಂಬುದು ಹತ್ತು ತಿಂಗಳು ಅನುಭವಕ್ಕೇ ಬರುವುದಿಲ್ಲ. ಆಸೆ ಜೀವಂತವಿರುವುದರಿಂದ ಅದರ ಪಕ್ಕದಲ್ಲಿ ಇನ್ನೊಂದು ಬಾಜಿ, ಮತ್ತೊಂದು ಬಾಜಿ ಸೇರುತ್ತವೆ. ಆದ್ದರಿಂದ, ಕಾನೂನು ಒಪ್ಪುವ ಕಡೆ ಬಾಜಿ ಕಟ್ಟುವವರು ಕಟ್ಟಿದ ದಿನವೇ ಆ ಹಣವನ್ನು ಮನೆಯ ಲೆಕ್ಕದಲ್ಲಿ ಖರ್ಚು ಎಂದು ಬರೆದುಬಿಡಿ. ಪಕ್ಕದಲ್ಲಿ ದರವನ್ನೂ, ಆ ದರ ತಪ್ಪೆಂದು ನಿಮಗೆ ಯಾಕೆ ಅನ್ನಿಸಿತು ಎಂಬ ಒಂದು ಸಾಲನ್ನೂ ಬರೆಯಿರಿ. ಆ ಸಾಲು ಬರೆಯಲು ಹೊಳೆಯದಿದ್ದರೆ ಹಣವನ್ನು ಕಟ್ಟಬೇಡಿ.