ಕ್ಯಾಸ್ಟ್ರೋ ಬೀದಿಯಲ್ಲಿ ಒಂದು ಮಧ್ಯಾಹ್ನ, ಹಾಳಾದ ಒಂದು ಶೂ

ಎಲ್ಲರಿಗೂ ನಮಸ್ಕಾರ. ಈ ಸಲ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಸ್ಟ್ರೋ ಬೀದಿ, ಸಲಿಂಗಿಗಳ, ಅಂದರೆ ಗೇ ಜನರ ಹೆಸರಾಂತ ಜಾಗ. ಮೊದಲ ಐದು ನಿಮಿಷದ ಆಡಿಯೋ ಪೂರ್ತಿ ಗಾಳಿ. ಅದಕ್ಕೇ ಮನೆಗೆ ಬಂದು, ಬಿಸಿ ಕಾಫಿ ಪಕ್ಕದಲ್ಲಿಟ್ಟುಕೊಂಡು ಈ ಮಾತು ಸೇರಿಸುತ್ತಿದ್ದೇನೆ. ಸ್ಯಾನ್ ಫ್ರಾನ್ಸಿಸ್ಕೋಗೆ ಜುಲೈ ತಿಂಗಳಲ್ಲೂ ಸ್ವೆಟರ್ ಇಲ್ಲದೆ ಹೋಗಬೇಡಿ ಅಂತ ಇದೇ ಚಾನೆಲ್‌ನಲ್ಲಿ ಮೂರು ಸಲ ಹೇಳಿದ್ದೇನೆ. ಅಗೋ, ತೋಳಿಲ್ಲದ ಕುರ್ತಾ ಹಾಕಿಕೊಂಡು ನಡುಗುತ್ತಿರುವವಳು ನಾನೇ.

ಕ್ಯಾಮೆರಾ ಹಿಡಿದವರು ನಮ್ಮ ಭಾವ. ಕೈ ಅಲ್ಲಾಡುವುದಿಲ್ಲ, ಅದೊಂದು ಪುಣ್ಯ. ಕಷ್ಟ ಏನು ಅಂದರೆ, ಹಳೇ ಮನೆ ಕಂಡರೆ ಸಾಕು, ಕ್ಯಾಮೆರಾ ತಾನಾಗಿ ಆ ಕಡೆ ಹೊರಳುತ್ತದೆ. ನೋಡಿ, ನಾನು ಇಲ್ಲಿ ಮಾತಾಡುತ್ತಲೇ ಇದ್ದೇನೆ, ಫ್ರೇಮಿನಲ್ಲಿ ಬರೀ ಬೇರೆಯವರ ಮನೆ ಮೆಟ್ಟಿಲು. "ಇದು ಎಷ್ಟಕ್ಕೆ ಹೋಗಬಹುದು ಕಣೇ?" ಅಂತ ಕೇಳಿಸಿತಲ್ಲ, ಅವರೇ.

ಈ ದೊಡ್ಡ ಬಾವುಟ ಹಾರ್ವಿ ಮಿಲ್ಕ್ ಪ್ಲಾಜಾದ್ದು. ಮಿಲ್ಕ್ ಈ ಬೀದಿಯ ಸಲಿಂಗಿ ನಾಯಕರು, ಅವರ ಕಥೆ ಮುಂದೆ ಬರುತ್ತದೆ. ಬಾವುಟ 1997ರಿಂದ ಇಲ್ಲಿ ಹಾರುತ್ತಿದೆ. ಸಲಿಂಗಿಗಳ ಗುರುತಾದ ಕಾಮನಬಿಲ್ಲಿನ ಬಾವುಟ ಹುಟ್ಟಿದ್ದೇ ಈ ಊರಿನಲ್ಲಿ. ಗಿಲ್ಬರ್ಟ್ ಬೇಕರ್ ಅನ್ನುವವರು ಗೆಳೆಯರನ್ನು ಸೇರಿಸಿಕೊಂಡು ಬಟ್ಟೆಗೆ ಕೈಯಾರೆ ಬಣ್ಣ ಹಾಕಿ, ಹೊಲಿದು, 1978ರ ಜೂನ್ 25ರಂದು ಮೊದಲ ಸಲ ಹಾರಿಸಿದರು. ಆಗ ಎಂಟು ಬಣ್ಣ ಇದ್ದವು. ಈಗ ಆರು. ಗುಲಾಬಿ ಬಣ್ಣ ಬಿಟ್ಟಿದ್ದರ ಹಿಂದೆ ಏನೋ ದೊಡ್ಡ ತತ್ವ ಇರಬೇಕು ಅಂದುಕೊಂಡಿದ್ದೆ. ಏನೂ ಇಲ್ಲ, ಅಷ್ಟೊಂದು ಗುಲಾಬಿ ಬಟ್ಟೆ ಸಿಗಲಿಲ್ಲ ಅಷ್ಟೇ. ಸ್ಟಾಕ್ ಇಲ್ಲ!

ಈಗ ಈ ಮೂಲೆ. ಟ್ವಿನ್ ಪೀಕ್ಸ್ ಟ್ಯಾವರ್ನ್. ನಾನು ಒಳಗೆ ಹೋಗಲಿಲ್ಲ, ಹೊರಗಿನಿಂದ ಗಾಜನ್ನು ಮಾತ್ರ ತೋರಿಸುತ್ತಿದ್ದೇನೆ. ಗಾಜಿನಲ್ಲಿ ನನ್ನ ಮುಖವೇ ಕಾಣುತ್ತಿದೆ, ಕ್ಷಮಿಸಿ, ಮೂರು ಟೇಕ್ ಆದರೂ ಹಾಗೇ ಬಂತು. ಆದರೆ ಇಲ್ಲಿ ನೋಡಬೇಕಾದ್ದೇ ಗಾಜು. ಮೊದಲೆಲ್ಲ ಗೇ ಬಾರ್ ಅಂದರೆ ಕಿಟಕಿಗೆ ಕಪ್ಪು ಬಣ್ಣ ಬಳಿದಿರುತ್ತಿತ್ತು, ಇಲ್ಲವೇ ಕಿಟಕಿಯೇ ಇರುತ್ತಿರಲಿಲ್ಲ. ಒಳಗೆ ಯಾರಿದ್ದಾರೆ ಅಂತ ಬೀದಿಗೆ ಗೊತ್ತಾದರೆ ಕೆಲಸ ಹೋಗುತ್ತಿತ್ತು, ಮನೆ ಹೋಗುತ್ತಿತ್ತು. ಪೊಲೀಸರ ಕಾಟ ಬೇರೆ. ಈ ಬಾರ್ ಕೊಂಡಿದ್ದ ಇಬ್ಬರು ಹೆಂಗಸರು 1972ರಲ್ಲಿ ದೊಡ್ಡ ಗಾಜು ಹಾಕಿಸಿದರು. ಒಳಗೆ ಕೂತವರು ಬೀದಿಗೆ ಕಾಣುವ ಹಾಗೆ. ಕ್ಯಾಲಿಫೋರ್ನಿಯಾದಲ್ಲಿ ಇಬ್ಬರು ಗಂಡಸರ ಸಂಬಂಧ ಆಗ ಇನ್ನೂ ಅಪರಾಧ. ಆ ಕಾನೂನು ಹೋಗಿದ್ದು 1976ರ ಜನವರಿಯಲ್ಲಿ. ಅಂದರೆ ಆ ಗಾಜಿನ ಹಿಂದೆ ಕೂತು ಬಿಯರ್ ಕುಡಿಯುವುದಕ್ಕೆ ಒಳ್ಳೇ ಧೈರ್ಯ ಬೇಕಿತ್ತು, ಅಲ್ವಾ? ಈಗ ಅಲ್ಲಿ ವಯಸ್ಸಾದವರೇ ಜಾಸ್ತಿ. ಊರಿನವರು ತಮಾಷೆಗೆ "ಗಾಜಿನ ಶವಪೆಟ್ಟಿಗೆ" ಅನ್ನುತ್ತಾರೆ. ಕೆಟ್ಟ ತಮಾಷೆ, ಆದರೆ ನಗು ಬಂತು.

ಎದುರಿಗಿರುವ ಈ ಕಟ್ಟೆ, ಕುರ್ಚಿಗಳಿವೆಯಲ್ಲ, ಇಲ್ಲಿ ಮೊದಲು ಕೆಲವರು ಬಟ್ಟೆಯಿಲ್ಲದೆ ಬಿಸಿಲು ಕಾಯಿಸುತ್ತಿದ್ದರು. 2012ರಲ್ಲಿ ನಗರಸಭೆ ಒಂದೇ ಒಂದು ವೋಟಿನ ಅಂತರದಲ್ಲಿ ಅದನ್ನು ನಿಲ್ಲಿಸಿತು. ಈ ಗಾಳಿಯಲ್ಲಿ ಹೇಗೆ ಕೂರುತ್ತಿದ್ದರೋ! ಸರಿ, ಮುಂದಿನ ಶಾಟ್.

ಭಾವನವರ ಮನೆಗಳು ಮತ್ತೆ ಬಂದವು. ಇರಲಿ, ಈ ಸಲ ಉಪಯೋಗಕ್ಕೆ ಬರುತ್ತವೆ. ಈ ಜಾಗದ ಹಳೇ ಹೆಸರು ಯುರೇಕಾ ವ್ಯಾಲಿ. ಐರಿಷ್ ಕೂಲಿಕಾರರು, ಕ್ಯಾಥೊಲಿಕ್ ಚರ್ಚು, ಮನೆ ತುಂಬ ಮಕ್ಕಳು. ಎರಡನೇ ಮಹಾಯುದ್ಧದಲ್ಲಿ ಈ ಊರು ದೊಡ್ಡ ಸೈನ್ಯದ ಬಂದರು. ಸಲಿಂಗಿ ಅಂತ ಗೊತ್ತಾದ ಸೈನಿಕರಿಗೆ ಒಂದು ನೀಲಿ ಕಾಗದ ಕೊಟ್ಟು ಮನೆಗೆ ಕಳಿಸುತ್ತಿದ್ದರು. ಆ ಕಾಗದ ಹಿಡಿದುಕೊಂಡು ಯಾವ ಮುಖದಲ್ಲಿ ಊರಿಗೆ ಹೋಗುವುದು? ಎಷ್ಟೋ ಜನ ಇಳಿದ ಜಾಗದಲ್ಲೇ ಉಳಿದರು. ಆಮೇಲೆ ಐರಿಷ್ ಕುಟುಂಬಗಳು ಗ್ಯಾರೇಜು, ಅಂಗಳ ಇರುವ ಹೊಸ ಬಡಾವಣೆಗಳಿಗೆ ಹೊರಟವು. ಈ ಮರದ ಮನೆಗಳು ಹಾಳುಬಿದ್ದು ಅಗ್ಗವಾದವು. ಅರವತ್ತು, ಎಪ್ಪತ್ತರ ದಶಕದಲ್ಲಿ ಗೇ ಹುಡುಗರು ಬಂದು, ಬಾಡಿಗೆ ಹಿಡಿದು, ಕೊಂಡು, ಸುಣ್ಣ ಬಣ್ಣ ಮಾಡಿ ಬೀದಿಯನ್ನು ಎಬ್ಬಿಸಿ ನಿಲ್ಲಿಸಿದರು. "ಆವಾಗ ಒಂದು ತಗೊಂಡಿದ್ದಿದ್ರೆ..." ಅಂತ ಭಾವ. ಆವಾಗ ನೀವು ಹುಟ್ಟಿರಲಿಲ್ಲ ಭಾವ.

ಒಂದು ಮಾತು. ಈ ಊರಿನ ಸಲಿಂಗಿಗಳ, ಟ್ರಾನ್ಸ್ ಜನರ ಹೋರಾಟದ ಕಥೆ ಇದೇ ಬೀದಿಯಲ್ಲಿ ಶುರುವಾಯಿತು ಅಂತ ತುಂಬಾ ವಿಡಿಯೋಗಳು ಹೇಳುತ್ತವೆ. ತಪ್ಪು. ಮಾರ್ಕೆಟ್ ಸ್ಟ್ರೀಟ್ ಹಿಡಿದು ಕೆಳಗೆ ಹೋದರೆ ಟೆಂಡರ್‌ಲಾಯಿನ್ ಅಂತ ಬಡವರ ಜಾಗ. ಅಲ್ಲಿ ಕಾಂಪ್ಟನ್ಸ್ ಕೆಫೆಟೇರಿಯಾ ಅಂತ ರಾತ್ರಿಯೆಲ್ಲ ತೆರೆದಿರುವ ಹೋಟೆಲು. ಬೇರೆಲ್ಲೂ ಸೇರಿಸದ ಟ್ರಾನ್ಸ್ ಹೆಣ್ಣುಮಕ್ಕಳು ಅಲ್ಲಿ ಕೂರುತ್ತಿದ್ದರು. 1966ರ ಆಗಸ್ಟಿನ ಒಂದು ರಾತ್ರಿ ಪೊಲೀಸಿನವನು ಒಬ್ಬಳ ಕೈ ಹಿಡಿದು ಎಳೆಯಲು ಬಂದ. ಅವಳು ಬಿಸಿ ಕಾಫಿಯನ್ನು ಅವನ ಮುಖಕ್ಕೇ ಎಸೆದಳು. ಆಮೇಲೆ ತಟ್ಟೆ, ಕಪ್ಪು, ಸಕ್ಕರೆ ಡಬ್ಬಿ ಎಲ್ಲ ಹಾರಾಡಿದವು, ಕಿಟಕಿ ಗಾಜು ಪುಡಿಪುಡಿ. ಈ ಹೋರಾಟ ಅಂದರೆ ಎಲ್ಲರೂ ಹೇಳುವ ನ್ಯೂಯಾರ್ಕಿನ ಸ್ಟೋನ್‌ವಾಲ್ ಗಲಾಟೆಗೆ ಮೂರು ವರ್ಷ ಮುಂಚೆ. ತಿಂಗಳು ಗೊತ್ತು, ತಾರೀಕು ಗೊತ್ತಿಲ್ಲ. ಪೇಪರಿನವರು ಬರೆಯಲೇ ಇಲ್ಲ.

ಥಿಯೇಟರ್ ನೋಡಿದಿರಲ್ಲ, 1922ರದ್ದು, ಚೆನ್ನಾಗಿದೆ, ಮುಂದೆ ಹೋಗೋಣ. ಈಗ ಬರುವುದು ನನ್ನ ದುರಂತ.

575 ಕ್ಯಾಸ್ಟ್ರೋ ಸ್ಟ್ರೀಟ್. 1973ರಲ್ಲಿ ಹಾರ್ವಿ ಮಿಲ್ಕ್ ಇಲ್ಲಿ ಕ್ಯಾಮೆರಾ ಅಂಗಡಿ ಇಟ್ಟರು. ಯಾವುದೋ ಅಂಗಡಿಯವರು ಅವರ ಫಿಲಂ ರೋಲ್ ಹಾಳು ಮಾಡಿದರಂತೆ, ಅದೇ ಸಿಟ್ಟಿಗೆ! ಎಸ್‌ಡಿ ಕಾರ್ಡ್ ಹಾಳಾಗಿ ಇಡೀ ಒಂದು ಪ್ರವಾಸ ಕಳೆದುಕೊಂಡವಳು ನಾನು. ನನಗೆ ಆ ಸಿಟ್ಟು ಪೂರ್ತಿ ಅರ್ಥವಾಗುತ್ತದೆ. ಅಂಗಡಿ ಮುಂದಿನ ಫುಟ್‌ಪಾತಿನಲ್ಲಿ ಅವರ ಹೆಸರಿನ ಫಲಕ ಇದೆ. ಅವರ ಚಿತಾಭಸ್ಮದ ಒಂದಿಷ್ಟು ಭಾಗ ಇದೇ ಫುಟ್‌ಪಾತಿನ ಕೆಳಗಿದೆ. ಫಲಕ ಮತ್ತು ಅಂಗಡಿ ಗಾಜು ಎರಡೂ ಒಂದೇ ಫ್ರೇಮಿಗೆ ಬರಲಿ ಅಂತ ನಾನು ಹಿಂದೆ ಹೆಜ್ಜೆ ಇಟ್ಟೆ. ಒಂದು. ಎರಡು. ಮೂರನೇ ಹೆಜ್ಜೆ ಮೆತ್ತಗಿತ್ತು.

ನಾಯಿ. ಅಂದರೆ, ನಾಯಿ ಬಿಟ್ಟುಹೋದದ್ದು.

ಈ ಶೂ ಬಗ್ಗೆ ಸ್ವಲ್ಪ ಹೇಳಲೇಬೇಕು. ಬಿಳಿ ಶೂ. 140 ಡಾಲರ್. ತಗೊಂಡು ನಾಲ್ಕು ದಿನ. ಅಡಿಯಲ್ಲಿ ಜೇನುಗೂಡಿನ ಥರ ಸಣ್ಣ ಸಣ್ಣ ಗುಂಡಿ, ಹಿಡಿತ ಚೆನ್ನಾಗಿರುತ್ತದೆ ಅಂತ ಅಂಗಡಿಯ ಹುಡುಗ ವರ್ಣಿಸಿದ್ದ. ಹಿಡಿತ ಚೆನ್ನಾಗಿಯೇ ಇದೆ, ಒಂದು ಗುಂಡಿಯೂ ಖಾಲಿ ಉಳಿಯಲಿಲ್ಲ. ಮೊದಲು ಫುಟ್‌ಪಾತ್ ಅಂಚಿಗೆ ಉಜ್ಜಿದೆ, ಪಕ್ಕಕ್ಕೆ ಹರಡಿತು. ಎಲೆಯಿಂದ ಒರೆಸಿದೆ, ಎಲೆ ಹರಿಯಿತು. ಬ್ಯಾಗಿನಲ್ಲಿದ್ದ ಕಾಫಿ ಬಿಲ್ಲನ್ನು ನಾಲ್ಕಾಗಿ ಮಡಚಿ ಒಂದೊಂದೇ ಗುಂಡಿ ಕೆರೆದೆ. ಭಾವ ಒಂದು ಕೈಯಲ್ಲಿ ಮೂಗು ಮುಚ್ಚಿಕೊಂಡು ಇನ್ನೊಂದು ಕೈಯಲ್ಲಿ ಶೂಟ್ ಮಾಡುತ್ತಲೇ ಇದ್ದರು. ಮನೆ ಕಡೆ ತಿರುಗದೆ ಕ್ಯಾಮೆರಾ ಸ್ಥಿರವಾಗಿ ನಿಂತಿದ್ದು ಅಲ್ಲಿಯವರೆಗೆ ಇದೊಂದು ಶಾಟಿಗೆ! ಅಷ್ಟರಲ್ಲಿ ನಾಯಿ ಹಿಡಿದುಕೊಂಡು ಒಬ್ಬ ಅಜ್ಜ ಬಂದರು. ನಾನು ಏನೂ ಕೇಳಿರಲಿಲ್ಲ. "ನಮ್ಮ ನಾಯಿಯದಲ್ಲ" ಅಂದರು. ಜೇಬಿನಿಂದ ಒದ್ದೆ ಟಿಶ್ಯೂ ಪ್ಯಾಕೆಟ್ ತೆಗೆದು ಪೂರ್ತಿ ನನ್ನ ಕೈಗೇ ಕೊಟ್ಟು, ನಗುತ್ತಾ, ಫಲಕ ತೋರಿಸಿ, "ಇವರು ಇದಕ್ಕೇ ಕಾನೂನು ಮಾಡಿಸಿದ್ದು, ಗೊತ್ತಾ?" ಅಂತ ಕೇಳಿದರು.

ನಿಜ! ಮನೆಗೆ ಬಂದು ಓದಿದೆ. ಮಿಲ್ಕ್ ನಗರಸಭೆ ಚುನಾವಣೆಯಲ್ಲಿ 1973ರಲ್ಲಿ ಸೋತರು, 1975ರಲ್ಲಿ ಸೋತರು, 1976ರಲ್ಲಿ ಶಾಸನಸಭೆಗೆ ನಿಂತು ಮತ್ತೆ ಸೋತರು. ನಗರಸಭೆಗೆ ವಾರ್ಡ್ ಪ್ರಕಾರ ಚುನಾವಣೆ ಬಂದ ಮೇಲೆ, 1977ರ ನವೆಂಬರಿನಲ್ಲಿ ಗೆದ್ದರು. ಇಲ್ಲಿ ಸೂಪರ್‌ವೈಸರ್ ಅನ್ನುತ್ತಾರೆ, ನಮ್ಮ ಕಾರ್ಪೊರೇಟರ್ ಇದ್ದ ಹಾಗೆ. ಸಲಿಂಗಿಗಳನ್ನು ಕೆಲಸದಿಂದ, ಬಾಡಿಗೆ ಮನೆಯಿಂದ ತೆಗೆಯಬಾರದು ಅನ್ನುವ ನಿಯಮ ಅವರ ದೊಡ್ಡ ಕೆಲಸ. ಆದರೆ ಊರಿಗೆಲ್ಲ ಇಷ್ಟವಾಗಿದ್ದು ನಾಯಿ ಕಾನೂನು, ನಾಯಿ ಮಾಡಿದ್ದನ್ನು ಯಜಮಾನರೇ ಎತ್ತಬೇಕು ಅಂತ. ಟೀವಿಯವರನ್ನು ಡುಬೋಸ್ ಪಾರ್ಕಿಗೆ ಕರೆದು, ಮಾತಾಡುತ್ತಾ ನಡೆದು, ಕ್ಯಾಮೆರಾ ಮುಂದೆ ಸರಿಯಾಗಿ ಅದರ ಮೇಲೇ ಕಾಲಿಟ್ಟರು. ಎಲ್ಲಿ ಕಾಲಿಡಬೇಕು ಅಂತ ಮೊದಲೇ ಗೊತ್ತು ಮಾಡಿಕೊಂಡಿದ್ದರಂತೆ. ಅವರು ಬೇಕಂತ ಮಾಡಿದ್ದು, ನಾನು ಬೇಡದೆ. ಕಾನೂನು ಬಂದು ಇಷ್ಟು ವರ್ಷವಾದರೂ ಅವರ ಫಲಕದ ಪಕ್ಕದಲ್ಲೇ ಹೀಗೆ ಬಿಟ್ಟುಹೋಗಿದ್ದಾರಲ್ಲ, ಆ ನಾಯಿಯ ಯಜಮಾನರು ಯಾರೇ ಆಗಿರಲಿ, ಅವರಿಗೆ ಒಳ್ಳೇದಾಗಲ್ಲ.

ಅಂಗಡಿ ಅಂದೆನಲ್ಲ, ವ್ಯಾಪಾರ ಕಡಿಮೆ, ರಾಜಕೀಯ ಜಾಸ್ತಿ. ಕೂರ್ಸ್ ಬಿಯರ್ ಕಂಪನಿ ವಿರುದ್ಧ ಲಾರಿ ಚಾಲಕರ ಸಂಘ ಹೋರಾಡುತ್ತಿತ್ತು. ಸಂಘದವರು ಬಂದು ಸಹಾಯ ಕೇಳಿದರು. ಮಿಲ್ಕ್ ಗೇ ಬಾರ್‌ಗಳಿಂದ ಕೂರ್ಸ್ ಹೊರಗೆ ಹಾಕಿಸಿದರು. ಬದಲಿಗೆ ಕೇಳಿದ್ದು, ಗೇ ಹುಡುಗರಿಗೂ ಲಾರಿ ಓಡಿಸುವ ಕೆಲಸ ಕೊಡಿ ಅಂತ. ಕೊಟ್ಟರು. ನನಗೆ ಭಾಷಣಗಳಿಗಿಂತ ಈ ವ್ಯವಹಾರ ಇಷ್ಟ.

ಅಧಿಕಾರದಲ್ಲಿ ಹನ್ನೊಂದೇ ತಿಂಗಳು. 1978ರ ನವೆಂಬರ್ 27ರಂದು ಡ್ಯಾನ್ ವೈಟ್ ಅನ್ನುವ ಮಾಜಿ ಸೂಪರ್‌ವೈಸರ್ ಸಿಟಿ ಹಾಲ್‌ನ ಕಿಟಕಿಯಿಂದ ಒಳಗೆ ನುಸುಳಿ ಮೇಯರ್ ಜಾರ್ಜ್ ಮೊಸ್ಕೋನಿ ಅವರನ್ನೂ ಮಿಲ್ಕ್ ಅವರನ್ನೂ ಗುಂಡಿಟ್ಟು ಕೊಂದ. ಆ ರಾತ್ರಿ ಇದೇ ಬೀದಿಯಿಂದ ಸಾವಿರಾರು ಜನ ಮೇಣದಬತ್ತಿ ಹಿಡಿದು ನಡೆದರು. ಮುಂದಿನ ಮೇ 21ರಂದು ತೀರ್ಪು ಬಂತು. ಕೊಲೆ ಅಲ್ಲವಂತೆ, ಅದಕ್ಕಿಂತ ಚಿಕ್ಕ ಅಪರಾಧವಂತೆ. ಏಳು ವರ್ಷ ಎಂಟು ತಿಂಗಳು ಶಿಕ್ಷೆ. ಆವತ್ತು ಜನ ಮೇಣದಬತ್ತಿ ಹಿಡಿಯಲಿಲ್ಲ. ಸಿಟಿ ಹಾಲ್ ಗಾಜು ಒಡೆದರು, ಪೊಲೀಸ್ ಕಾರುಗಳಿಗೆ ಬೆಂಕಿ ಇಟ್ಟರು. ಆಮೇಲೆ ಪೊಲೀಸರು ಸೇಡಿಗೆ ಇಲ್ಲಿಗೆ ಬಂದರು. ಈ ಮೂಲೆಯಲ್ಲಿ ಆಗ ಎಲಿಫೆಂಟ್ ವಾಕ್ ಅಂತ ಬಾರ್. ಒಳಗೆ ನುಗ್ಗಿ, ಕೂತಿದ್ದವರನ್ನು ಹೊಡೆದು, ಅವರೂ ಗಾಜು ಒಡೆದರು.

ಈ ಶಾಟಿನಲ್ಲಿ ನಾನು ಎಡಗಾಲು ಎತ್ತಿ ಎತ್ತಿ ಇಡುತ್ತಿರುವುದು ಯಾಕೆ ಅಂತ ನಿಮಗೆ ಗೊತ್ತು.

18ನೇ ಬೀದಿ ಮೂಲೆ. ಕಾಮನಬಿಲ್ಲಿನ ಜೀಬ್ರಾ ಕ್ರಾಸಿಂಗ್, 2014ರದ್ದು, ಎಲ್ಲರೂ ಫೋಟೋ ತೆಗೆಸಿಕೊಳ್ಳುವುದು ಇಲ್ಲೇ. ಕಾಲ್ಚೀಲ, ಕಪ್, ಕುಕಿ, ಎಲ್ಲದರ ಮೇಲೂ ಏಳಕ್ಕೆ ಒಂದು ಕಡಿಮೆ ಬಣ್ಣ. ಬರೀ ಟೂರಿಸ್ಟ್ ಜಾಗ, ಒಮ್ಮೆ ನೋಡಿದರೆ ಸಾಕು ಅಂತ ಕ್ಯಾಮೆರಾದಲ್ಲೇ ಹೇಳಿಬಿಟ್ಟಿದ್ದೇನೆ, ಕತ್ತರಿಸಿಲ್ಲ. ಹತ್ತು ನಿಮಿಷಕ್ಕೆ ಅದೇ ಬಾಯಲ್ಲಿ ಬೇರೆ ಮಾತು ಬಂತು. ಯಾಕೆ ಅಂದರೆ ಈ ಔಷಧಿ ಅಂಗಡಿ.

1981ರಲ್ಲಿ ಈ ಮೂಲೆಯಲ್ಲಿ ಸ್ಟಾರ್ ಫಾರ್ಮಸಿ ಇತ್ತು. ಬಾಬಿ ಕ್ಯಾಂಪ್‌ಬೆಲ್ ಅನ್ನುವ ನರ್ಸ್, 29 ವರ್ಷ. ಬೆಟ್ಟ ಹತ್ತಿ ಬಂದ ಮೇಲೆ ಪಾದದಲ್ಲಿ ನೇರಳೆ ಕಲೆ ಕಂಡವು. ಶೂ ಕಚ್ಚಿರಬೇಕು ಅಂದುಕೊಂಡರು. ಅದು ಕಪೋಸಿ ಸಾರ್ಕೋಮಾ ಅನ್ನುವ ಕ್ಯಾನ್ಸರ್. ಏಡ್ಸ್ ಅನ್ನುವ ಹೆಸರು ಆಗ ಇನ್ನೂ ಹುಟ್ಟಿರಲಿಲ್ಲ. ಬಾಬಿ ತಮ್ಮ ಕಲೆಗಳ ಫೋಟೋ ತೆಗೆದು ಈ ಅಂಗಡಿಯ ಕಿಟಕಿಗೆ ಒಳಗಿನಿಂದ ಅಂಟಿಸಿದರು. ನಿಮಗೂ ಇಂಥದ್ದು ಇದ್ದರೆ ಡಾಕ್ಟರಿಗೆ ತೋರಿಸಿ ಅಂತ. ಸಿನಿಮಾಕ್ಕೆ, ಬಾರಿಗೆ ಹೋಗುವ ಹುಡುಗರು ನಿಂತು, ನೋಡಿ, ಮನೆಗೆ ಹೋಗಿ ತಮ್ಮ ಕಾಲು ನೋಡಿಕೊಂಡಿರಬೇಕು. 1984ರಲ್ಲಿ ಬಾಬಿ ತೀರಿಕೊಂಡರು.

ನಾನು ಶೂ ಬಗ್ಗೆ ಬೈಯುವುದನ್ನು ಅಲ್ಲಿಗೆ ನಿಲ್ಲಿಸಿದೆ.

ಆಮೇಲಿನ ಹತ್ತು ಹದಿನೈದು ವರ್ಷ ಈ ಬೀದಿಯಲ್ಲಿ ಸಾವು ಅಂದರೆ ವಾರದ ಲೆಕ್ಕ. 1985ರ ನವೆಂಬರಿನಲ್ಲಿ ಮಿಲ್ಕ್ ನೆನಪಿನ ಮೆರವಣಿಗೆಗೆ ಬಂದವರಿಗೆ ಕ್ಲೀವ್ ಜೋನ್ಸ್ ಅನ್ನುವವರು ಸತ್ತ ಗೆಳೆಯರ ಹೆಸರನ್ನು ರಟ್ಟಿನ ಮೇಲೆ ಬರೆಯಿರಿ ಅಂದರು. ಅದನ್ನೆಲ್ಲ ಸರ್ಕಾರಿ ಕಟ್ಟಡದ ಗೋಡೆಗೆ ಅಂಟಿಸಿದಾಗ ದೂರದಿಂದ ಕೌದಿ ಥರ ಕಂಡಿತು. ಹಾಗಾಗಿ ನಿಜವಾಗಿಯೂ ಕೌದಿ ಹೊಲಿದರು. ಒಬ್ಬೊಬ್ಬರಿಗೆ ಮೂರು ಅಡಿ ಅಗಲ, ಆರು ಅಡಿ ಉದ್ದದ ತುಂಡು. ಗೋರಿಯ ಅಳತೆ. ಪ್ಯಾಂಟು, ಶರ್ಟಿನ ಗುಂಡಿ, ಆಟಿಕೆ ಕರಡಿ, ಎಲ್ಲ ಸೇರಿಸಿ ಹೊಲಿದಿದ್ದಾರೆ. 1987ರ ಅಕ್ಟೋಬರಿನಲ್ಲಿ ವಾಷಿಂಗ್‌ಟನ್‌ನಲ್ಲಿ ಹಾಸಿದಾಗ 1,920 ತುಂಡು. ಹಳೇ ಸೀರೆ ಕೂಡಿಸಿ ಕೌದಿ ಹೊಲಿಯುವ ಅಜ್ಜಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿನ ಬೇ ಏರಿಯಾ ರಿಪೋರ್ಟರ್ ಪತ್ರಿಕೆ ವಾರ ವಾರವೂ ಸತ್ತವರ ಫೋಟೋ ಹಾಕುತ್ತಿತ್ತು. ಹೊಸ ಔಷಧಿಗಳು ಬಂದು ಎರಡು ವರ್ಷಕ್ಕೆ, 1998ರ ಆಗಸ್ಟ್ 13ರಂದು, ಮುಖಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿದರು, ಈ ವಾರ ನಿಧನ ವಾರ್ತೆ ಇಲ್ಲ ಅಂತ.

ಸಲಿಂಗಿಗಳ ಇತಿಹಾಸದ ಒಂದು ಮ್ಯೂಸಿಯಂ ಇದೆ, ಅದರ ಒಳಗಿನ ಶಾಟ್ ಹಾಕಿಲ್ಲ. 18ನೇ ಬೀದಿಯಲ್ಲೇ ಇದೆ, ಚಿಕ್ಕದು, ಹೋಗಿ. ನನ್ನ ಒಂದು ತಕರಾರು ಇದೆ. ಇಡೀ ಬೀದಿಯಲ್ಲಿ ಗಂಡಸರದ್ದೇ ಕಥೆ, ಅದರಲ್ಲೂ ಬಿಳಿಯರದ್ದು. ಲೆಸ್ಬಿಯನ್ ಹೆಣ್ಣುಮಕ್ಕಳ ಪುಸ್ತಕದಂಗಡಿ, ಬಾರ್ ಎಲ್ಲ ಆಗ ವೇಲೆನ್ಸಿಯಾ ಸ್ಟ್ರೀಟ್ ಕಡೆ ಇದ್ದವು. ಸಂಬಳ ಕಡಿಮೆ, ಇಲ್ಲಿನ ಬಾಡಿಗೆ ಕಟ್ಟಲು ಆಗುತ್ತಿರಲಿಲ್ಲ. ನಮ್ಮವರು? ಇದ್ದರು. 1986ರಲ್ಲೇ ಈ ಬೇ ಏರಿಯಾದಲ್ಲಿ ದಕ್ಷಿಣ ಏಷ್ಯಾದವರು ಸೇರಿ "ತ್ರಿಕೋನ್" ಅಂತ ಸಂಘ ಕಟ್ಟಿ ಪತ್ರಿಕೆ ತಂದರು. ನಮ್ಮ ತ್ರಿಕೋನವೇ. ಹೆಸರು ಎಲ್ಲಿಂದ ಬಂತು ಅನ್ನುವುದಕ್ಕೆ ಈ ಕೊನೆಯ ಜಾಗ ನೋಡಿ. ಗುಲಾಬಿ ಕಲ್ಲು ಹಾಸಿದ ತ್ರಿಕೋನ, ಸುತ್ತ ಹದಿನೈದು ಗ್ರಾನೈಟ್ ಕಂಬ. ನಾಜಿಗಳು ಸಲಿಂಗಿ ಕೈದಿಗಳ ಅಂಗಿಗೆ ಗುಲಾಬಿ ತ್ರಿಕೋನ ಹೊಲಿಸುತ್ತಿದ್ದರು. ಅಂದಾಜು ಹದಿನೈದು ಸಾವಿರ ಜನ. ಸಾವಿರಕ್ಕೊಂದು ಕಂಬ.

ಇಲ್ಲಿ ಭಾವ ಮತ್ತೊಮ್ಮೆ ಮನೆ ಬಿಟ್ಟು ಕಂಬ ಎಣಿಸುತ್ತಾ ಶೂಟ್ ಮಾಡಿದ್ದಾರೆ, ಪಾಪ. ಹನ್ನೊಂದಕ್ಕೆ ಬಂದಾಗ ಫೋನ್ ಬೀಪ್ ಅಂದಿದ್ದು ಪಾರ್ಕಿಂಗ್ ಮೀಟರ್. ನಾಲ್ಕು ನಿಮಿಷ ಬಾಕಿ. ಮುಂದೆ ಕಾಣುವುದೆಲ್ಲ ರಸ್ತೆ, ನನ್ನ ಕಾಲು, ಮತ್ತೆ ರಸ್ತೆ. "ಆ ಶೂ ಕಾರೊಳಗೆ ಬೇಡ ಕಣೇ" ಅಂದರಲ್ಲ, ಅದಕ್ಕೇ ಕೊನೆಯ ಶಾಟಿನಲ್ಲಿ ನಾನು ಒಂದು ಶೂ ಹಾಕಿಕೊಂಡು ಇನ್ನೊಂದನ್ನು ಆ ಅಜ್ಜ ಕೊಟ್ಟ ಟಿಶ್ಯೂನಲ್ಲಿ ಸುತ್ತಿ ಹಿಡಿದಿದ್ದೇನೆ.