ಒಂದರಿಂದ ಶುರುವಾಗೋ ನಂಬರ್, ಎರಡರಿಂದ ಶುರುವಾಗೋ ನಂಬರ್

ಎಲ್ರಿಗೂ ನಮಸ್ಕಾರ. ಇಲ್ಲಿ ಸೌದಿಗೆ ಹೊರಟಿರೋ ಹುಡುಗ್ರೇ ಜಾಸ್ತಿ ಇದೀರಂತೆ, ಅದಕ್ಕೆ ಬಿಸಿಲು, ಊಟ, ಸಂಬಳ ಎಲ್ಲಾ ಬಿಟ್ಟು ಬರೀ ಕಾರ್ಡ್ ಬಗ್ಗೆ ಮಾತಾಡ್ತೀನಿ.

ಸೌದಿ ಪ್ರಜೆ ಜೇಬಲ್ಲಿರೋದು ಅವರ ರಾಷ್ಟ್ರೀಯ ಐಡಿ, ಅಲ್ಲಿಗೆ ದುಡಿಯೋಕೆ ಹೋದ ನಮ್ಮ ಜೇಬಲ್ಲಿರೋದು ಇಕಾಮ, ಅಂದ್ರೆ ಹೊರದೇಶದವ್ರು ಅಲ್ಲಿ ಇರೋಕೆ ಕೊಡೋ ಪರವಾನಗಿ ಕಾರ್ಡ್. ಎರಡ್ರಲ್ಲೂ ನಂಬರ್ 10 ಅಂಕೀದೇ, ಆದ್ರೆ ಅವರದ್ದು 1ರಿಂದ ಶುರು ನಮ್ದು 2ರಿಂದ, ಹಾಗಾಗಿ ಬ್ಯಾಂಕಲ್ಲಿ, ಆಸ್ಪತ್ರೇಲಿ, ಸಿಮ್ ಅಂಗಡೀಲಿ ಮೊದಲ್ನೇ ಅಂಕಿ ಹೇಳ್ತಿದ್ದಂಗೇ ಹೊರಗಿನವ್ನು ಅಂತ ಗೊತ್ತಾಗೋಗುತ್ತೆ. ಮುಖ ನೋಡಿದ್ರೇ ಗೊತ್ತಾಗುತ್ತೆ ಬಿಡಿ, ಆದ್ರೆ ಕಂಪ್ಯೂಟರ್‌ಗೆ ಮುಖ ಕಾಣಲ್ವಲ್ಲ.

ನಮ್ಮ ಕಾರ್ಡಲ್ಲಿ ದೇಶ, ಧರ್ಮ, ಮಾಡೋ ಕೆಲ್ಸ, ಕೆಲ್ಸ ಕೊಟ್ಟವರ ಹೆಸ್ರು ಎಲ್ಲಾ ಇರುತ್ತೆ. ಈ ಕೆಲ್ಸದ ಕಾಲಂ ಇದೆಯಲ್ಲ, ಅದೇ ನಮ್ಮ ಹಣೆಬರಹ. ನಾನು ಹೋಗಿದ್ದು ಲೆಕ್ಕ ಬರೆಯೋಕೆ, ಇಕಾಮದಲ್ಲಿ ಬಂದಿದ್ದು "ಆಮಿಲ್", ಅಂದ್ರೆ ಕೂಲಿ. ಏನಾಯ್ತೀಗ ಸಂಬಳ ಬರ್ತಿದೆಯಲ್ಲ ಅಂತ ಸುಮ್ನಿದ್ದೆ, ಆಮೇಲೆ ಹೆಂಡ್ತೀನ ಕರೆಸ್ಕೊಳ್ಳೋಣ ಅಂತ ಹೋದ್ರೆ ಆ ಹುದ್ದೆಗೆ ಫ್ಯಾಮಿಲಿ ವೀಸಾ ಇಲ್ಲ ಅಂದ್ರು, ಅದನ್ನ ಬದಲಾಯಿಸೋದ್ರಲ್ಲೇ 2 ವರ್ಷ ಹೋಯ್ತು. ಹೆಸ್ರಿನ ಕಥೆ ಇನ್ನೊಂದು, ಅರಬ್ಬಿಯಲ್ಲಿ "ಪ" ಇಲ್ಲ, ನಮ್ಮ ರೂಮಿನ ಪ್ರಕಾಶ ಅಲ್ಲಿ ಇರೋವರೆಗೂ ಬ್ರಕಾಶನೇ.

ತಾರೀಖು ಸರಿಯಾಗಿ ನೋಡ್ಕೊಳ್ಳಿ. ನಮ್ಮ ಕಾಲದಲ್ಲಿ ಇಕಾಮದ ಅವಧಿ ಮುಗಿಯೋದು ಹಿಜ್ರಿ, ಅಂದ್ರೆ ಮುಸ್ಲಿಮರ ಪಂಚಾಂಗದ ಲೆಕ್ಕದಲ್ಲಿ, ಆ ವರ್ಷ ನಮ್ಮದಕ್ಕಿಂತ ಸುಮಾರು 11 ದಿನ ಚಿಕ್ಕದು, ಇನ್ನೂ ಟೈಮಿದೆ ಅನ್ಕೊಂಡೇ ಎಷ್ಟೋ ಜನ ಸಿಕ್ಕಾಕೊಂಡ್ರು. ರಿನ್ಯೂ ತಡ ಆದ್ರೆ ಮೊದಲ್ನೇ ಸಲ 500 ರಿಯಾಲ್ ದಂಡ, ಎರಡನೇ ಸಲ 1000, ಮೂರನೇ ಸಲ ಸೀದಾ ಊರಿಗೆ.

ಸೌದಿಯವ್ನಿಗೆ ಕೆಲ್ಸ ಹೋದ್ರೂ ಅವ್ನ ಕಾರ್ಡಿಗೇನೂ ಆಗಲ್ಲ. ನಮ್ಮ ಕಫೀಲ್, ಅಂದ್ರೆ ನಮ್ಮನ್ನ ಕರೆಸ್ಕೊಂಡು ಕೆಲ್ಸ ಕೊಟ್ಟವ್ನು, "ಹುರೂಬ್" ಹಾಕ್ಬಿಟ್ರೆ, ಅಂದ್ರೆ ಓಡಿಹೋಗಿದ್ದಾನೆ ಅಂತ ಕಂಪ್ಲೇಂಟ್ ಕೊಟ್ರೆ, ಇಕಾಮ ಕೈಯಲ್ಲಿದ್ರೂ ಇಲ್ಲದಂಗೇ. 2021ರ ಮಾರ್ಚಿಂದ ಸ್ವಲ್ಪ ಸಡಿಲ ಮಾಡಿದ್ದಾರೆ, ಒಂದು ವರ್ಷ ಕೆಲ್ಸ ಮಾಡಿದ್ಮೇಲೆ ಬೇರೆ ಕಡೆ ಸೇರ್ಬಹುದು, ಊರಿಗೆ ಬಂದು ಹೋಗೋ ವೀಸಾನೂ ಅಬ್ಶರ್ ಅನ್ನೋ ಸರ್ಕಾರಿ ಆಪಲ್ಲಿ ನಾವೇ ತಗೋಬಹುದು. ಮನೆ ಡ್ರೈವರ್, ಮನೆಕೆಲ್ಸದವ್ರಿಗೆ ಮಾತ್ರ ಆ ಭಾಗ್ಯ ಸಿಗ್ಲಿಲ್ಲ.

ಹಂಗಂತ ಸೌದಿಯವ್ರಲ್ಲೂ ಎಲ್ರಿಗೂ ಮೊದ್ಲಿಂದ ಕಾರ್ಡ್ ಇರ್ಲಿಲ್ಲ, ಸೌದಿ ಹೆಂಗಸ್ರಿಗೆ ಸ್ವಂತ ಐಡಿ ಕೊಡೋಕೆ ಶುರು ಮಾಡಿದ್ದು 2001ರಲ್ಲಿ, ಅದಕ್ಕೂ ಮನೆ ಗಂಡಸಿನ ಒಪ್ಪಿಗೆ ಬೇಕಿತ್ತು.

ಫ್ಯಾಮಿಲಿ ಕರ್ಕೊಂಡು ಹೋಗೋವ್ರು ಲೆಕ್ಕ ಹಾಕ್ಕೊಳ್ಳಿ. 2017ರ ಜುಲೈನಲ್ಲಿ ಒಬ್ಬೊಬ್ರಿಗೆ ತಿಂಗಳಿಗೆ 100 ರಿಯಾಲ್ ಅಂತ ಶುರುವಾದ ಸರ್ಕಾರದ ಫೀಸು 2020ಕ್ಕೆ 400 ಆಯ್ತು, ಹೆಂಡ್ತಿ ಎರಡು ಮಕ್ಳು ಅಂದ್ರೆ ತಿಂಗಳಿಗೆ 1200. ಆವಾಗ್ಲೇ ನಮ್ಮ ಬಿಲ್ಡಿಂಗಲ್ಲಿ ಒಂದೊಂದೇ ಮನೆ ಖಾಲಿ ಆಗಿದ್ದು.

ಕೊನೇದಾಗಿ, ಇಳಿದು 90 ದಿನದೊಳಗೆ ಇಕಾಮ ಮಾಡಿಸ್ಕೊಡೋದು ಕಂಪನಿ ಕೆಲ್ಸ, ಅದರ ದುಡ್ಡೂ ಕಂಪನೀದೇ. ನಿಮ್ಮ ಹತ್ರ ಕೇಳಿದ್ರೆ ಕೊಡ್ಬೇಡಿ. ಕಾರ್ಡ್ ಕೈಗೆ ಬಂದ್ಮೇಲೆ ಆ ಕೆಲ್ಸದ ಕಾಲಂ ಅರಬ್ಬಿ ಬರೋವ್ರಿಂದ ಓದಿಸ್ಕೊಳ್ಳಿ, ಅವತ್ತೇ.